ಜುಕಿನಿ ಸುಗ್ಗಿಯಲ್ಲಿ ಸೌತೆಕಾಯಿ ದೋಸೆ

ಕೂಟದ ಯಾವ ಪಾಟ್‌ಲಕ್‌ಗಾದರೂ ಹೋಗಿ, ಯುಗಾದಿಯಿರಲಿ, ರಾಜ್ಯೋತ್ಸವವಿರಲಿ, ತಟ್ಟೆ ಹಿಡಿದು ಸಾಲಿನಲ್ಲಿ ನಿಂತಾಗ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ. "ಏನೇ ಹೇಳಿ, ಊರಿನ ರುಚಿ ಇಲ್ಲಿ ಬರೋದಿಲ್ಲ ಕಣ್ರೀ. ಅಲ್ಲಿಯ ತರಕಾರಿ ಇಲ್ಲಿ ಎಲ್ಲಿ ಸಿಗ್ಬೇಕು?" ಹಿಂದೆ ಮುಂದೆ ನಿಂತವರೆಲ್ಲ ಹೌದೌದು ಅಂತ ತಲೆಯಾಡಿಸುತ್ತಾರೆ. ಆಮೇಲೆ ಮನೆಗೆ ಹೋಗಿ, ಫ್ರೀಜರಿನಿಂದ ತೊಂಡೆಕಾಯಿ ಪೊಟ್ಟಣ ತೆಗೆದು, ಎಂಟು ಸಾವಿರ ಮೈಲಿ ದಾಟಿ ಬಂದ ಆ ಹೋಳುಗಳಿಂದ ಪಲ್ಯ ಮಾಡುತ್ತಾರೆ. ಅದೇ ಹೊತ್ತಿಗೆ ಪಕ್ಕದ ಮನೆಯ ಅಜ್ಜಿ ಬಾಗಿಲ ಬಳಿ ಇಟ್ಟುಹೋದ ನಾಲ್ಕು ಜುಕಿನಿ, ಏನು ಮಾಡೋದು ಅಂತ ತಿಳಿಯದೆ, ಫ್ರಿಜ್ಜಿನ ಕೆಳಗಿನ ಡ್ರಾಯರಿನಲ್ಲಿ ಮೆತ್ತಗಾಗುತ್ತಿರುತ್ತವೆ!

ಮಟ್ಟು ಗುಳ್ಳದ ಹುಳಿಯ ವಿಷಯದಲ್ಲಿ ಈ ದೂರನ್ನು ಒಪ್ಪೋಣ. ಉಡುಪಿ ಬಳಿಯ ಮಟ್ಟು ಊರಿನ ಮಣ್ಣಿಲ್ಲದೆ ಆ ಬದನೆಯಿಲ್ಲ. ಆದರೆ ದೋಸೆಯ ವಿಷಯದಲ್ಲಿ ಮಾತ್ರ ನನ್ನದು ತಕರಾರಿದೆ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ದೋಸೆ ಎಂದೂ ಇಂಥದ್ದೇ ತರಕಾರಿ ಬೇಕು ಅಂತ ಹಟ ಹಿಡಿದದ್ದಿಲ್ಲ. ಹಿತ್ತಲಲ್ಲಿ ಆ ವಾರ ಏನು ಹೆಚ್ಚಾಗಿದೆಯೋ ಅದು ಅಕ್ಕಿಯ ಜೊತೆ ಒರಳಿಗೆ ಬೀಳುತ್ತಿತ್ತು, ಅಷ್ಟೇ. ಹಾಗಿರುವಾಗ ಇಲ್ಲಿಯ ಹಿತ್ತಲಿನದು ಬಿದ್ದರೆ ಏನಾಯಿತು?

ಹೋಟೆಲಿನ ದೋಸೆ ಬೇರೆ, ಮನೆಯ ದೋಸೆ ಬೇರೆ

ಇಲ್ಲಿ ಹುಟ್ಟಿದ ನಮ್ಮ ಮಕ್ಕಳನ್ನು ದೋಸೆ ಅಂದರೇನು ಅಂತ ಕೇಳಿ ನೋಡಿ. ಎರಡು ಅಡಿ ಉದ್ದದ, ಕಂದು ಬಣ್ಣದ, ಒಳಗೆ ಆಲೂಗಡ್ಡೆ ಇಟ್ಟು ಸುರುಳಿ ಸುತ್ತಿದ ಕಾಗದದಂಥ ವಸ್ತು ಅಂತಾರೆ. ತಪ್ಪೇನಿಲ್ಲ, ಅವರು ನೋಡಿದ್ದು ಅದನ್ನೇ. ರೆಸ್ಟೋರೆಂಟಿನ ಮೆನುವಿನಲ್ಲಿ ಅದಕ್ಕೆ 'ರೈಸ್ ಕ್ರೇಪ್' ಅಂತ ಅಡ್ಡಹೆಸರು ಬೇರೆ. ಮಸಾಲೆ ದೋಸೆಯ ಮೇಲೆ, ದಾವಣಗೆರೆಯ ಬೆಣ್ಣೆ ದೋಸೆಯ ಮೇಲೆ ನನಗೆ ಯಾವ ಕೋಪವೂ ಇಲ್ಲ (ಯಾರಿಗೆ ತಾನೇ ಇದ್ದೀತು?). ಆದರೆ ಅವು ಜನವರಿಯಲ್ಲೂ ಜುಲೈಯಲ್ಲೂ ಒಂದೇ ತರಹ. ಹೋಟೆಲಿಗೆ ಬೇಕಾದದ್ದೂ ಅದೇ.

ಮನೆಯ ದೋಸೆಗೆ ಪಂಚಾಂಗವಿದೆ. ಮಾರ್ಚ್-ಏಪ್ರಿಲ್ ಸೆಕೆಗೆ ಕಲ್ಲಂಗಡಿ ತಿಂದಾದ ಮೇಲೆ ಸಿಪ್ಪೆಯ ಬಿಳಿ ಭಾಗದ ದೋಸೆ. ಮುಳ್ಳುಸೌತೆ ಬಳ್ಳಿಯಲ್ಲಿ ತುಂಬಿದಾಗ ಸೌತೆಕಾಯಿ ದೋಸೆ. ಹವ್ಯಕರ ಮನೆಗಳಲ್ಲಿ ಇದಕ್ಕೆ ತೆಳ್ಳವು ಅನ್ನುತ್ತಾರೆ, ಹೆಸರಿಗೆ ತಕ್ಕಂತೆ ತೆಳ್ಳಗೇ ಇರುತ್ತದೆ. ಮೇ ಕಳೆಯುವ ಹೊತ್ತಿಗೆ ಹಲಸು. ಕಾಯಿ ಬಲಿತಾಗ ಒಂದು ದೋಸೆ, ಹಣ್ಣಾದಾಗ ಇನ್ನೊಂದು. ಮೊದಲ ಮಳೆ ಬಿದ್ದು ದಾರಿ ಬದಿಯಲ್ಲಿ ತಗತೆ ಸೊಪ್ಪು ಚಿಗುರಿದರೆ ಅದೂ ಹಿಟ್ಟಿಗೆ ಸೇರುತ್ತದೆ. ಆಷಾಢದ ಸುರಿಮಳೆಯಲ್ಲಿ, ತುಳುನಾಡಿನವರು ಆಟಿ ಅನ್ನುವ ತಿಂಗಳಲ್ಲಿ, ಹೊರಗೆ ಕಾಲಿಡುವಂತಿಲ್ಲ, ಸಂತೆಯಿಲ್ಲ. ಆಗ ಅಟ್ಟದ ತೊಲೆಗೆ ಸಾಲಾಗಿ ಕಟ್ಟಿ ತೂಗುಹಾಕಿದ ಸೌತೆಕಾಯಿ, ಭರಣಿಯಲ್ಲಿ ಉಪ್ಪುನೀರಿಗೆ ಹಾಕಿಟ್ಟ ಹಲಸಿನ ಸೊಳೆ, ಮನೆ ಹಿಂದಿನ ಕೆಸು, ಇವೇ ಗತಿ. ಇವತ್ತು ನಾವು 'ಸಾಂಪ್ರದಾಯಿಕ ತಿಂಡಿ' ಅಂತ ಬಾಯಿ ತುಂಬ ಹೊಗಳುವ ಎಷ್ಟೋ ತಿನಿಸುಗಳು ಬಡತನದ ತಿಂಗಳುಗಳಲ್ಲಿ, ಇದ್ದದ್ದರಲ್ಲಿ ಹತ್ತು ಹೊಟ್ಟೆ ತುಂಬಿಸಬೇಕಾದ ಹೆಂಗಸರು ಕಂಡುಕೊಂಡವು. ಒಂದು ಸೇರು ಅಕ್ಕಿಯ ಜಾಗದಲ್ಲಿ ಮುಕ್ಕಾಲು ಸೇರು ಅಕ್ಕಿ, ಉಳಿದದ್ದು ತರಕಾರಿ. ಯಾರಿಗೂ ಗೊತ್ತಾಗುವುದಿಲ್ಲ, ದೋಸೆ ಮೆತ್ತಗೆ ಬೇರೆ ಬರುತ್ತದೆ!

ಅಂದಹಾಗೆ, ದೋಸೆ ಯಾರದ್ದು, ನಮ್ಮದೋ ಪಕ್ಕದ ರಾಜ್ಯದ್ದೋ ಅಂತ ಜಗಳವಾಡುವವರಿಗೆ ಒಂದು ಮಾಹಿತಿ: ಕಲ್ಯಾಣ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರ ೧೨ನೇ ಶತಮಾನದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ 'ಧೋಸಕ' ಬರುತ್ತದೆ. ಆದರೆ ಅದು ಬೇಳೆಯದು. ಜಗಳ ಮುಂದುವರಿಯಲಿ, ನಾವು ಕಾವಲಿ ಕಾಯಿಸೋಣ.

ಅಕ್ಕಿ ಎಷ್ಟು ಹೊರುತ್ತದೆ?

ಫ್ರೆಂಚರ ಕ್ರೇಪ್ ಹಿಡಿದು ನಿಲ್ಲುವುದು ಮೊಟ್ಟೆಯಿಂದ, ಗೋಧಿಯ ಜಿಗುಟಿನಿಂದ. ಅಮೆರಿಕನ್ನರ ಪ್ಯಾನ್‌ಕೇಕ್ ಉಬ್ಬುವುದು ಬೇಕಿಂಗ್ ಪೌಡರಿನಿಂದ. ಉದ್ದು ಹಾಕಿದ ನಮ್ಮ ದೋಸೆಗೆ ಹಿಟ್ಟು ಹುಳಿ ಬರಬೇಕು. ಹಿಟ್ಟಿನಲ್ಲಿ ತಾನಾಗಿ ಬೆಳೆಯುವ ಬ್ಯಾಕ್ಟೀರಿಯಾಗಳು ಹುಳಿಯನ್ನೂ ಗಾಳಿಗುಳ್ಳೆಯನ್ನೂ ಉಂಟುಮಾಡುತ್ತವೆ, ಉದ್ದಿನ ಲೋಳೆ ಆ ಗುಳ್ಳೆಗಳನ್ನು ಹಿಡಿದಿಡುತ್ತದೆ. ಅದಕ್ಕೆ ಸುಮಾರು ೮೦ರಿಂದ ೯೦ ಡಿಗ್ರಿ ಫ್ಯಾರನ್‌ಹೀಟ್ ಹಿತ. ಚಳಿಗಾಲದಲ್ಲಿ ನಾವು ಮನೆಯನ್ನು ೬೮ಕ್ಕೆ ಇಟ್ಟುಕೊಂಡು, ಬೆಳಿಗ್ಗೆ ಎದ್ದು ಹಿಟ್ಟಿನ ಪಾತ್ರೆಗೆ ಇಣುಕಿ ನಿಟ್ಟುಸಿರು ಬಿಡುವುದು ಇದಕ್ಕೇ. (ಓವನ್ನಿನ ಒಳಗೆ ಬರೀ ಲೈಟ್ ಹಾಕಿ ಪಾತ್ರೆ ಇಡುವ ಉಪಾಯ ಈಗ ಎಲ್ಲರಿಗೂ ಗೊತ್ತಿದೆ. ಒಳಗೆ ಹಿಟ್ಟಿದೆ ಅಂತ ಓವನ್ನಿನ ಬಾಗಿಲಿಗೆ ಚೀಟಿ ಅಂಟಿಸುವುದನ್ನು ಮಾತ್ರ ಮರೆಯಬೇಡಿ!)

ತರಕಾರಿ ದೋಸೆಗೆ ಈ ಗೊಡವೆಯೇ ಇಲ್ಲ. ಮೊಟ್ಟೆ ಇಲ್ಲ, ಗೋಧಿ ಇಲ್ಲ, ಉದ್ದು ಇಲ್ಲ, ಹೆಚ್ಚಿನವಕ್ಕೆ ಹುಳಿ ಬರಿಸುವ ಕೆಲಸವೂ ಇಲ್ಲ. ನೆನೆದ ಅಕ್ಕಿಯನ್ನು ನುಣ್ಣಗೆ ರುಬ್ಬಿ ಕಾದ ಕಾವಲಿಗೆ ಹೊಯ್ದಾಗ ಅಕ್ಕಿಯ ಪಿಷ್ಟ ನೀರು ಕುಡಿದು ಉಬ್ಬಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ದೋಸೆಯನ್ನು ಹಿಡಿದು ನಿಲ್ಲಿಸುವುದು ಈ ಅಂಟು ಮಾತ್ರ. ತರಕಾರಿಯಲ್ಲಿರುವ ನೀರು ಹಬೆಯಾಗಿ ಮೇಲೆ ಹಾರುವಾಗ ತೂತು ಬೀಳುತ್ತದೆ. ಎಲ್ಲರ ಮನೆ ದೋಸೆಯೂ ತೂತೇ ಅಂತ ಗಾದೆ ಹೇಳಿದವರು ಬೈಗುಳವಾಗಿ ಹೇಳಿದರೋ ಏನೋ, ತೆಳ್ಳವಿಗೆ ಮಾತ್ರ ತೂತೇ ಭೂಷಣ.

ಈ ಅಂಟಿಗೂ ಒಂದು ಮಿತಿಯಿದೆ. ತರಕಾರಿಯ ನಾರು ಹೆಚ್ಚಾದಷ್ಟೂ ಪಿಷ್ಟದ ಹಿಡಿತ ಸಡಿಲವಾಗುತ್ತದೆ, ದೋಸೆ ಎಬ್ಬಿಸುವಾಗ ಹರಿಯುತ್ತದೆ. ಆದ್ದರಿಂದ ಮೊದಲ ಸಲ ಮಾಡುವವರಿಗೆ ನನ್ನ ಸಲಹೆ: ಒಂದು ಕಪ್ ಒಣ ಅಕ್ಕಿಗೆ ಒಂದು ಕಪ್ ತುರಿದ ತರಕಾರಿ. ಇದು ಕೈಕೊಡದ ಅಳತೆ. ಕೈ ಪಳಗಿದ ಮೇಲೆ ಒಂದೂವರೆ ಕಪ್ ತನಕ ಹೋಗಬಹುದು. ಹರಿಯತೊಡಗಿದರೆ ಎರಡು ಚಮಚ ಅಕ್ಕಿಹಿಟ್ಟು ಕಲಸಿ, ಸರಿಹೋಗುತ್ತದೆ. ಗಟ್ಟಿಯಾಗಿ ರೊಟ್ಟಿಯಂತಾದರೆ ಮುಂದಿನ ಸಲ ರುಬ್ಬುವಾಗ ಒಂದು ಹಿಡಿ ಅನ್ನವನ್ನೋ ನೆನೆಸಿದ ಅವಲಕ್ಕಿಯನ್ನೋ ಸೇರಿಸಿ. ಅಕ್ಕಿ ಸೋನಾ ಮಸೂರಿ ಆಗಬಹುದು. ಬಾಸ್ಮತಿಯನ್ನು ಪಲಾವಿಗೆ ಬಿಡಿ.

ಇನ್ನೊಂದು ಲಾಭ. ಮಕ್ಕಳ ಗೆಳೆಯರು ಮನೆಗೆ ಬಂದರೆ ಒಬ್ಬನಿಗೆ ಗ್ಲುಟೆನ್ ಆಗದು, ಇನ್ನೊಬ್ಬಳಿಗೆ ಮೊಟ್ಟೆ ಆಗದು, ಮತ್ತೊಬ್ಬನಿಗೆ ಹಾಲು. ತಾಯಂದಿರು ಪೊಟ್ಟಣದ ಹಿಂದಿನ ಸಣ್ಣಕ್ಷರ ಓದಿ ಓದಿ ಸುಸ್ತು. ಸೌತೆಕಾಯಿ ದೋಸೆಯಲ್ಲಿ ಈ ಮೂರೂ ಇಲ್ಲ. (ತೆಂಗಿನಕಾಯಿ ಆಗದವರೂ ಇದ್ದಾರೆ, ಅದನ್ನು ಮಾತ್ರ ಕೇಳಿ ಹಾಕಿ.)

ಎಲ್ಲ ಸಿಗುವ ಮೊದಲು

೧೯೬೫ರ ವಲಸೆ ಕಾನೂನಿನ ನಂತರ ಇಲ್ಲಿಗೆ ಬಂದ ನಮ್ಮ ಹಿರಿಯರನ್ನು ಕೇಳಿದರೆ ಕಥೆಗಳು ಒಂದೆರಡಲ್ಲ. ಇಡ್ಲಿ ರವೆಯ ಬದಲು ಕ್ರೀಮ್ ಆಫ್ ರೈಸ್, ಉಪ್ಪಿಟ್ಟಿಗೆ ಕ್ರೀಮ್ ಆಫ್ ವೀಟ್, ಬಿಸ್ಕ್ವಿಕ್‌ಗೆ ಮಜ್ಜಿಗೆ ಕಲಸಿ ಹಸಿಮೆಣಸು ಹಾಕಿ ದೋಸೆ. ಷಿಕಾಗೋದ ಡೆವಾನ್ ಅವೆನ್ಯೂದಲ್ಲಿ ಪಟೇಲ್ ಬ್ರದರ್ಸ್ ಅಂಗಡಿ ತೆರೆದದ್ದು ೧೯೭೪ರಲ್ಲಿ. ಅದಕ್ಕೂ ಮುಂಚೆ, ಅದರಿಂದ ದೂರವಿದ್ದ ಊರುಗಳಲ್ಲಿ ಆಮೇಲೆಯೂ ಎಷ್ಟೋ ವರ್ಷ, ಉದ್ದಿನಬೇಳೆ ಅಂದರೆ ಸೂಟ್‌ಕೇಸಿನಲ್ಲಿ ಬರುವ ವಸ್ತು. ಆ ತಲೆಮಾರಿನ ಹೆಂಗಸರು ಸೂಪರ್ ಮಾರ್ಕೆಟ್ಟಿನ ಕಪಾಟುಗಳ ಮುಂದೆ ನಿಂತು, ಇದು ನಮ್ಮ ಯಾವುದಕ್ಕೆ ಹೊಂದುತ್ತದೆ ಅಂತ ಒಂದೊಂದೇ ಡಬ್ಬಿ ಎತ್ತಿ ನೋಡುತ್ತಿದ್ದರು. ಆಟಿ ತಿಂಗಳಲ್ಲಿ ಅವರ ಅಜ್ಜಿಯರು ಹಿತ್ತಲಲ್ಲಿ ನಿಂತು ನೋಡುತ್ತಿದ್ದ ಹಾಗೆಯೇ.

ಈಗ ನಮಗೆ ಎಲ್ಲವೂ ಸಿಗುತ್ತದೆ. ಕರಿಬೇವು, ನುಗ್ಗೆ, ತುರಿದ ತೆಂಗಿನಕಾಯಿ, ಕೊನೆಗೆ ಡಬ್ಬದಲ್ಲಿ ತಯಾರಾದ ದೋಸೆ ಹಿಟ್ಟು ಕೂಡ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಅದು ದೊಡ್ಡ ಉಪಕಾರ, ಅಲ್ಲಗಳೆಯುವುದಿಲ್ಲ. ಆದರೆ ಎಲ್ಲ ಸಿಗುವಂತಾದ ಮೇಲೆ ಹುಡುಕುವ ಕಣ್ಣು ಮಂದವಾಯಿತು. ಹಿಟ್ಟಿನ ಡಬ್ಬ ನೋಡಿ ಬೆಳೆದ ಮಗುವಿಗೆ, ಕುಂಬಳಕಾಯಿಯನ್ನು ನೋಡಿದ ಕೂಡಲೇ 'ಇದನ್ನು ದೋಸೆ ಮಾಡಬಹುದಲ್ಲ' ಅನ್ನಿಸುವುದು ಹೇಗೆ? ಊರಿನಿಂದ ತರಬೇಕಾದದ್ದು ತೊಂಡೆಕಾಯಿಯಲ್ಲ, ಈ ಅನ್ನಿಸುವಿಕೆ.

ಜುಲೈನಿಂದ ಮೊದಲುಮಾಡಿ

ನಮ್ಮ ಇಲಿನಾಯ್ ಸುತ್ತಮುತ್ತ ಜುಲೈ-ಆಗಸ್ಟ್ ಬಂತೆಂದರೆ ಜುಕಿನಿಯ ಕಾಟ. ಒಂದು ಗಿಡ ನೆಟ್ಟವರಿಗೂ ಬೀದಿಗೆ ಹಂಚುವಷ್ಟು ಕಾಯಿ. ಆಗಸ್ಟ್ ೮ನ್ನು 'ನೆರೆಮನೆಯವರ ಜಗಲಿಯಲ್ಲಿ ಕದ್ದು ಜುಕಿನಿ ಇಟ್ಟು ಬರುವ ದಿನ' ಅಂತ ತಮಾಷೆಗೆ ಆಚರಿಸುವವರೂ ಈ ದೇಶದಲ್ಲಿದ್ದಾರೆ! ಕೊಡುವವರು ಇಷ್ಟು ಕಾತರದಲ್ಲಿರುವಾಗ ತೆಗೆದುಕೊಳ್ಳಲು ನಾಚಿಕೆ ಯಾಕೆ?

ಜುಕಿನಿ ಸೌತೆಯಲ್ಲ, ಕುಂಬಳದ ಕುಲದ್ದು. ಆದರೆ ಸೌತೆಯಂತೆಯೇ ನೂರಕ್ಕೆ ೯೫ ಪಾಲಿನಷ್ಟು ನೀರು, ತನ್ನದೇ ಅಂತ ಜೋರು ರುಚಿಯಿಲ್ಲ, ಆದ್ದರಿಂದ ತೆಳ್ಳವಿಗೆ ಹೇಳಿ ಮಾಡಿಸಿದ್ದು. ಎರಡು ಕಪ್ ಅಕ್ಕಿ ನಾಲ್ಕು ಗಂಟೆ ನೆನೆಯಲಿ. ಎರಡು ಕಪ್ ಜುಕಿನಿ ಸಿಪ್ಪೆ ಸಮೇತ ತುರಿಯಿರಿ. ಎಳೆಯದಾದರೆ ಬೀಜ ತೆಗೆಯಬೇಕಿಲ್ಲ. ತೋಳಿನಷ್ಟು ದಪ್ಪ ಬೆಳೆದಿದ್ದರೆ ಒಳಗಿನ ತಿರುಳು ಬಿಟ್ಟುಬಿಡಿ. ಮಿಕ್ಸಿಗೆ ಮೊದಲು ತುರಿಯನ್ನೇ ಹಾಕಿ. ಅದು ಬಿಟ್ಟ ನೀರಿನಲ್ಲೇ ಅಕ್ಕಿ, ಅರ್ಧ ಕಪ್ ತೆಂಗಿನತುರಿ, ಒಂದು ಹಸಿಮೆಣಸು, ಉಪ್ಪು ಸೇರಿಸಿ ನುಣ್ಣಗೆ ರುಬ್ಬಿ. ಹೆಚ್ಚಿನವರು ಎಡವುವುದು ಇಲ್ಲೇ: ಅಕ್ಕಿ ಮೊದಲು ಹಾಕಿ, ತಿರುಗುವುದಿಲ್ಲ ಅಂತ ನೀರು ಸುರಿದು, ಆಮೇಲೆ ತರಕಾರಿ ಹಾಕಿದರೆ ಹಿಟ್ಟು ನೀರೋ ನೀರು. ಹಿಟ್ಟು ನೀರುದೋಸೆಯದಕ್ಕಿಂತ ಒಂದಿಷ್ಟು ದಪ್ಪ, ಸೌಟಿನಿಂದ ಜಾರುವಂತಿರಬೇಕು. ಕಾವಲಿ ಚೆನ್ನಾಗಿ ಕಾದಿರಲಿ. ಅಂಚಿನಿಂದ ನಡುವಿಗೆ ಸುತ್ತ ಹೊಯ್ಯುತ್ತ ಬನ್ನಿ, ಸೌಟಿನಿಂದ ಹರಡಬೇಡಿ. ಮುಚ್ಚಳ ಮುಚ್ಚಿ. ಅಂಚು ತಾನಾಗಿ ಎದ್ದಾಗ ತೆಗೆಯಿರಿ, ಮಗುಚುವ ಕೆಲಸವಿಲ್ಲ. ರುಬ್ಬಿದ ದಿನವೇ ಮುಗಿಸಿ. ಮರುದಿನಕ್ಕೆ ಈ ಹಿಟ್ಟು ನೀರೊಡೆಯುತ್ತದೆ.

ಜುಲೈ ೪ರ ಪಿಕ್ನಿಕ್ಕಿನಲ್ಲಿ ಎಷ್ಟು ಕಲ್ಲಂಗಡಿ ಸಿಪ್ಪೆ ಕಸದ ಚೀಲಕ್ಕೆ ಹೋಗುತ್ತದೆ ಅಂತ ಎಂದಾದರೂ ನೋಡಿದ್ದೀರಾ? ಹೊರಗಿನ ಹಸಿರು ಸಿಪ್ಪೆಯನ್ನು ಪೀಲರಿನಿಂದ ಹೆರೆದು, ಒಳಗಿನ ಬಿಳಿ ಭಾಗ ಮಾತ್ರ ಹೆಚ್ಚಿಕೊಳ್ಳಿ. ಕಚ್ಚಿ ತಿಂದು ಬಿಟ್ಟದ್ದಲ್ಲ ಮತ್ತೆ, ಮೊದಲೇ ಕೊಯ್ದಿಟ್ಟದ್ದು! ಎರಡು ಕಪ್ ಅಕ್ಕಿಗೆ ಎರಡೂವರೆ ಕಪ್ ಹೋಳು, ಒಂದು ಹಿಡಿ ತೆಂಗಿನತುರಿ. ಇದನ್ನು ರಾತ್ರಿ ರುಬ್ಬಿಟ್ಟರೆ ಬೇಸಿಗೆಯ ಸೆಕೆಗೆ ಬೆಳಿಗ್ಗೆ ಹೊತ್ತಿಗೆ ತುಸು ಹುಳಿ ಬಂದಿರುತ್ತದೆ. ದಪ್ಪಕ್ಕೆ ಹೊಯ್ದರೆ ಸೆಟ್ ದೋಸೆಯಂತೆ ಮೃದು. ಉದ್ದು ಹಾಕಿದ್ದೀರಾ ಅಂತ ಕೇಳದವರನ್ನು ನಾನು ಕಂಡಿಲ್ಲ.

ಜೋಳ ಮಾರುಕಟ್ಟೆಗೆ ಬರುವ ಜುಲೈ ಕೊನೆಯಿಂದ ಹಸಿ ಸ್ವೀಟ್ ಕಾರ್ನ್ ಕಾಳು, ಶುಂಠಿ, ಜೀರಿಗೆ ಹಾಕಿ ಮಾಡಿ ನೋಡಿ. ಸಿಹಿ ಹೆಚ್ಚಿರುವುದರಿಂದ ಬೇಗ ಕೆಂಪಾಗುತ್ತದೆ, ಉರಿ ಸಣ್ಣಗಿರಲಿ. ಹಿತ್ತಲಲ್ಲಿ ಮೆಂತ್ಯ, ಹರಿವೆ, ಬಸಳೆ ಹಾಕಿದವರಿಗೆ ನಾನು ಹೇಳಬೇಕಾದದ್ದೇನಿಲ್ಲ, ಅವರು ಆಗಲೇ ಸೊಪ್ಪು ಹೆಚ್ಚಿ ಹಿಟ್ಟಿಗೆ ಕಲಸಿರುತ್ತಾರೆ.

ಕುಂಬಳದ ಬಂಧುಬಳಗ

ಅಕ್ಟೋಬರ್ ತಿಂಗಳ ಕುಂಬಳದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಹ್ಯಾಲೋವೀನ್ ಮುಗಿದ ಮರುದಿನ ಕಿತ್ತಳೆ ಬಣ್ಣದ ದೊಡ್ಡ ಕುಂಬಳಕಾಯಿ ಅಗ್ಗವಾಯಿತೆಂದು ಹೊತ್ತು ತಂದು ದೋಸೆಗೆ ತುರಿದು, ಸಪ್ಪೆ ಸಪ್ಪೆ, ನಾರು ನಾರು ಅಂತ ಮುಖ ಕಿವುಚಿದವರು ನಮ್ಮಲ್ಲಿ ಬಹಳ ಮಂದಿ. ಅದು ಮುಖ ಕೆತ್ತಲಿಕ್ಕೆಂದೇ ಬೆಳೆಸಿದ ಕಾಯಿ. ಸಸ್ಯಶಾಸ್ತ್ರದ ಪ್ರಕಾರ ಅದು ಕುಕುರ್ಬಿಟಾ ಪೆಪೊ, ಅಂದರೆ ಜುಕಿನಿಯ ಒಡಹುಟ್ಟು. ನಮ್ಮೂರಿನ ಸಿಹಿಗುಂಬಳ ಕುಕುರ್ಬಿಟಾ ಮೊಸ್ಕಾಟಾ. ಹಾಗಾದರೆ ಇಲ್ಲಿ ಮೊಸ್ಕಾಟಾ ಯಾವುದು? ಬಟರ್‌ನಟ್ ಸ್ಕ್ವಾಶ್! ಹೊರಗೆ ಬಾದಾಮಿ ಬಣ್ಣ, ಕತ್ತು ಉದ್ದ, ನೋಡಿದರೆ ಸೋರೆಕಾಯಿಯ ಸಂಬಂಧ ಅನ್ನಿಸುತ್ತದೆ. ಕತ್ತರಿಸಿದರೆ ಅದೇ ಕೇಸರಿ ಬಣ್ಣ, ಅದೇ ಸಿಹಿ, ಅದೇ ಕಂಪು. ಊರಿನ ಕುಂಬಳ ಇಲ್ಲಿ ಸಿಗುವುದಿಲ್ಲ ಅಂತ ಎಷ್ಟೋ ವರ್ಷ ಕೊರಗಿದವರ ಕಣ್ಣೆದುರೇ ಅದರ ತಂಗಿ ಬೇರೆ ಸೀರೆ ಉಟ್ಟು ನಿಂತಿದ್ದಳು, ಅಷ್ಟೇ.

ಇನ್ನೊಂದು ತಮಾಷೆ. ಅಮೆರಿಕದಲ್ಲಿ ಪೈ ಮಾಡಲು ಬಳಸುವ ಡಬ್ಬಿ ಕುಂಬಳದ ಬಹುಪಾಲು ಬೆಳೆಯುವುದು ನಮ್ಮ ಇಲಿನಾಯ್ ರಾಜ್ಯದಲ್ಲೇ. ಮಾರ್ಟನ್ ಎಂಬ ಊರಿನಲ್ಲಿ ಲಿಬ್ಬೀಸ್ ಕಂಪನಿಯ ಕಾರ್ಖಾನೆಯಿದೆ. ಆ ಡಬ್ಬಿಯೊಳಗಿರುವ ತಳಿಯೂ ಮೊಸ್ಕಾಟಾ ಜಾತಿಯದೇ. ಹೊಸ ಕಾಯಿ ಸಿಗದ ತಿಂಗಳಲ್ಲಿ ಮುಕ್ಕಾಲು ಕಪ್ ಡಬ್ಬಿ ಕುಂಬಳವನ್ನು ಎರಡು ಕಪ್ ಅಕ್ಕಿಯ ಹಿಟ್ಟಿಗೆ ಕಲಸಿದರೆ ಕೆಲಸ ನಡೆಯುತ್ತದೆ. ಸಕ್ಕರೆ, ಮಸಾಲೆ ಬೆರೆಸಿದ 'ಪೈ ಫಿಲ್ಲಿಂಗ್' ಡಬ್ಬಿಯೂ ಪಕ್ಕದಲ್ಲೇ ಇರುತ್ತದೆ, ಅದನ್ನು ತರಬೇಡಿ.

ಬಟರ್‌ನಟ್ಟಿನ ದೋಸೆಗೆ ಖಾರ-ಸಿಹಿ ಎರಡೂ ಬೇಕು. ಎರಡು ಕಪ್ ನೆನೆದ ಅಕ್ಕಿ, ಎರಡು ಕಪ್ ಹಸಿ ತುರಿ, ನಾಲ್ಕು ಬ್ಯಾಡಗಿ ಮೆಣಸು, ಒಂದು ಚಮಚ ಕೊತ್ತಂಬರಿ, ಅರ್ಧ ಚಮಚ ಜೀರಿಗೆ, ನೆಲ್ಲಿಕಾಯಿಯಷ್ಟು ಬೆಲ್ಲ, ಅದರ ಅರ್ಧದಷ್ಟು ಹುಣಸೆ, ತೆಂಗಿನತುರಿ. ಬೆಲ್ಲ ಬಿದ್ದ ಹಿಟ್ಟು ಕಾವಲಿ ಹಿಡಿಯುತ್ತದೆ, ಆದ್ದರಿಂದ ಎಣ್ಣೆ ಸವರುವಾಗ ಜಿಪುಣತನ ಬೇಡ. ಊರಲ್ಲಿ ಬದನೆಕಾಯಿಯ ತೊಟ್ಟಿನ ಭಾಗವನ್ನು ಸೀಳಿ ಎಣ್ಣೆಗೆ ಅದ್ದಿ ಕಾವಲಿಗೆ ಒರೆಸುತ್ತಿದ್ದರಲ್ಲ, ಆ ಉಪಾಯ ಇಲ್ಲಿಯ ಬದನೆಯಿಂದಲೂ ನಡೆಯುತ್ತದೆ. ಅರ್ಧ ಈರುಳ್ಳಿಯಂತೂ ಸೈ. ಕಾವಲಿಗೆ ಮಾತ್ರ ಬೀಡಿನದೇ ಬೇಕು; ಇಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುವ ಕಪ್ಪು ಕಾಸ್ಟ್ ಐರನ್ ಸ್ಕಿಲೆಟ್‌ಗಿಂತ ಒಳ್ಳೆಯ ದೋಸೆ ಕಾವಲಿಯನ್ನು ಊರಿನಿಂದ ಹೊತ್ತು ತರುವ ಅಗತ್ಯವಿಲ್ಲ. ಅಂಚು ಎತ್ತರವಿಲ್ಲದ್ದನ್ನು ಆರಿಸಿ.

ಡಿಸೆಂಬರ್-ಜನವರಿಯಲ್ಲಿ ರೈತರ ಮಾರುಕಟ್ಟೆ ಮುಚ್ಚಿರುತ್ತದೆ, ಅಗ್ಗಕ್ಕೆ ಸಿಗುವುದು ಎಲೆಕೋಸು. ಆಗ ಕೊಂಕಣಿ ಮನೆಗಳ ಸಣ್ಣ ಪೋಳೋ ನೆನಪಿಗೆ ಬರಬೇಕು. ಅಕ್ಕಿ, ಸ್ವಲ್ಪ ತೊಗರಿಬೇಳೆ, ತೆಂಗಿನಕಾಯಿ, ಒಣಮೆಣಸು, ಹುಣಸೆ ದಪ್ಪಕ್ಕೆ ರುಬ್ಬಿ, ಸಣ್ಣಗೆ ಹೆಚ್ಚಿದ ಕೋಸು-ಈರುಳ್ಳಿಯನ್ನು ಹಿಟ್ಟಿಗಿಂತ ಹೆಚ್ಚೇ ಎನ್ನುವಷ್ಟು ಕಲಸಿ, ಅಂಗೈಯಗಲ ತಟ್ಟಿ ಎರಡೂ ಬದಿ ಗರಿಗರಿಯಾಗಿ ಬೇಯಿಸುವುದು. ಹೊರಗೆ ಹಿಮ, ಒಳಗೆ ಇದು. ಮೇ ತಿಂಗಳಲ್ಲಿ ರೂಬಾರ್ಬ್ ಬರುತ್ತದೆ. ಅದನ್ನು ದೋಸೆಗೆ ಹಾಕುವುದಕ್ಕಿಂತ ಬೆಲ್ಲ-ಮೆಣಸು ಹಾಕಿ ಗೊಜ್ಜು ಮಾಡಿ ನೆಂಚಿಕೊಳ್ಳಿ, ಅಂಬಟೆಕಾಯಿಯ ನೆನಪಾಗುತ್ತದೆ. ದಂಟು ಮಾತ್ರ ಬಳಸಿ, ರೂಬಾರ್ಬಿನ ಎಲೆ ವಿಷ.

ಆಲೆಮನೆಯೂ ಶುಗರ್ ಶ್ಯಾಕೂ

ಮಲೆನಾಡಿನವರಿಗೆ ಚಳಿಗಾಲದ ಕೊನೆ ಅಂದರೆ ಆಲೆಮನೆ. ಕಬ್ಬಿನ ಹಾಲು ಕುದಿಯುವ ಕೊಪ್ಪರಿಗೆಯ ಸುತ್ತ ನಿಂತು, ಜೋನಿಬೆಲ್ಲ ಮನೆಗೆ ಬಂದ ಮೇಲೆ ತೆಳ್ಳವಿಗೆ ತುಪ್ಪದ ಜೊತೆ ಸುರಿದುಕೊಂಡು ತಿಂದವರು ಅದನ್ನು ಮರೆಯುವುದಿಲ್ಲ. ಸರಿಸುಮಾರು ಅದೇ ಹೊತ್ತಿಗೆ, ಫೆಬ್ರವರಿ ನಡುವಿನಿಂದ ಮಾರ್ಚ್ ತನಕ, ನಮ್ಮ ಸುತ್ತಲಿನ ಮೇಪಲ್ ಮರಗಳಿಂದ ರಸ ಇಳಿಸುತ್ತಾರೆ. ರಾತ್ರಿ ನೀರು ಹೆಪ್ಪುಗಟ್ಟಬೇಕು, ಹಗಲು ಕರಗಬೇಕು, ಆಗಲೇ ರಸ ಹರಿಯುವುದು. ಸುಮಾರು ೪೦ ಗ್ಯಾಲನ್ ರಸ ಕಾಯಿಸಿದರೆ ಒಂದು ಗ್ಯಾಲನ್ ಪಾಕ. ಬ್ಲೂಮಿಂಗ್ಟನ್ ಹತ್ತಿರದ ಫಂಕ್ಸ್ ಗ್ರೋವ್‌ನಲ್ಲಿ ಒಂದು ಕುಟುಂಬ ೧೮೯೧ರಿಂದ ಇದನ್ನು ಮಾಡಿ ಮಾರುತ್ತ ಬಂದಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ ಆ ಹಬೆಯ ವಾಸನೆ ತೋರಿಸಿ, ಬರುವಾಗ ಒಂದು ಬಾಟಲಿ ತನ್ನಿ. ಪಾಕದ ಬಣ್ಣ ಗಾಢವಾದಷ್ಟೂ ರುಚಿ ಜೋನಿಬೆಲ್ಲಕ್ಕೆ ಹತ್ತಿರ. ಆದ್ದರಿಂದ 'ಡಾರ್ಕ್' ಅಂತ ಬರೆದಿರುವುದನ್ನು ಆರಿಸಿ, ತಿಳಿ ಬಣ್ಣದ್ದು ಬೇಡ. ಪ್ಯಾನ್‌ಕೇಕ್ ಸಿರಪ್ ಎಂಬ ಹೆಸರಿನಲ್ಲಿ ಬರುವ ಅಗ್ಗದ ಬಾಟಲಿಯಲ್ಲಿರುವುದು ಹೆಚ್ಚಾಗಿ ಜೋಳದ ಸಕ್ಕರೆ ಪಾಕ, ಮೇಪಲ್ ಅಲ್ಲ. ಬಿಸಿ ನೀರುದೋಸೆ, ಒಂದು ಚಮಚ ತುಪ್ಪ, ಮೇಲೆ ಈ ಪಾಕ. ಪ್ಯಾನ್‌ಕೇಕೇ ಬೇಕು ಅಂತ ಹಟ ಹಿಡಿದಿದ್ದ ಎಷ್ಟು ಮಕ್ಕಳು ಇದರಿಂದ ಸೋತಿದ್ದಾರೋ!

ಅಳತೆ ಕೇಳಿಟ್ಟುಕೊಳ್ಳಿ

ಇಷ್ಟು ಹೊತ್ತು ಕಪ್ಪು, ಚಮಚ ಅಂತ ನಾನು ಹೇಳಿದ್ದೆಲ್ಲ ನಮ್ಮ ಅಮ್ಮಂದಿರ ಭಾಷೆಯಲ್ಲ. ಅವರದ್ದು "ಸ್ವಲ್ಪ", "ಒಂದಿಷ್ಟು", "ನೋಡ್ಕೊಂಡು ಹಾಕು". ಅಪ್ಪ ಅಮ್ಮ ಆರು ತಿಂಗಳಿಗೆಂದು ಇಲ್ಲಿಗೆ ಬಂದಾಗ ನಾವು ನಯಾಗರಾ ತೋರಿಸುತ್ತೇವೆ, ಶ್ವೇತಭವನ ತೋರಿಸುತ್ತೇವೆ. ಒಂದು ಶನಿವಾರ ಅವರನ್ನು ರೈತರ ಮಾರುಕಟ್ಟೆಗೆ ಕರೆದುಕೊಂಡು ಹೋಗಿ ಸುಮ್ಮನೆ ಹಿಂದೆ ನಡೆಯಿರಿ. ಯಾವುದನ್ನು ಎತ್ತಿ ಮೂಸುತ್ತಾರೆ, ಯಾವುದಕ್ಕೆ ಉಗುರು ತಾಗಿಸಿ ನೋಡುತ್ತಾರೆ ಅಂತ ಗಮನಿಸಿ. ಮನೆಗೆ ಬಂದ ಮೇಲೆ ಅವರ ಕೈ ಅಕ್ಕಿ ಡಬ್ಬಕ್ಕೆ ಇಳಿಯುವ ಮೊದಲೇ ಅಳತೆಯ ಕಪ್ ಮುಂದೆ ಹಿಡಿಯಿರಿ. ಬೈಯುತ್ತಾರೆ, ಬೈಯಲಿ.

ನಮ್ಮ ಕೂಟದ ಒಬ್ಬ ಗೆಳತಿ ಪುತ್ತೂರು ಕಡೆಯವರು. ಹಲಸಿನ ಹಣ್ಣಿನ ದೋಸೆ ಅವರ ಅಮ್ಮ ಮಾಡಿದಂತೆ ಮಾಡಬೇಕೆಂಬ ಆಸೆ. ಇಲ್ಲಿಯ ಏಷ್ಯನ್ ಅಂಗಡಿಗಳಲ್ಲಿ ಬೇಸಿಗೆಯಲ್ಲಿ ಮೆಕ್ಸಿಕೋದ ಹಲಸು ಬರುತ್ತದೆ, ಕೊಯ್ದ ತುಂಡು ಕೂಡ ಸಿಗುತ್ತದೆ. ಹಣ್ಣೇನೋ ಸಿಕ್ಕಿತು, ದೋಸೆ ಮಾತ್ರ ಕಾವಲಿ ಬಿಟ್ಟು ಏಳಲಿಲ್ಲ. ಎರಡು ಬೇಸಿಗೆ ಹೀಗೇ ಕಳೆಯಿತು. ಅಮ್ಮನನ್ನು ಕೇಳೋಣವೆಂದರೆ ಅವರಿಗೆ ಎಂಬತ್ತು ದಾಟಿ ಮರೆವಿನ ಕಾಯಿಲೆ. ವಿಡಿಯೋ ಕಾಲ್‌ನಲ್ಲಿ ಮಗಳ ಮುಖ ಕಂಡರೆ ಒಂದು ದಿನ ಗುರುತು ಹತ್ತುತ್ತದೆ, ಒಂದು ದಿನ "ನೀವು ಯಾರ ಮನೆಯವರು?" ಅಂತ ಕೇಳುತ್ತಾರೆ. ಅಕ್ಕಿ ಎಷ್ಟು, ಹಣ್ಣು ಎಷ್ಟು ಅಂದರೆ ಉತ್ತರವಿಲ್ಲ. ಮೂರನೇ ಬೇಸಿಗೆಯಲ್ಲಿ ಒಂದು ಭಾನುವಾರ ಗೆಳತಿ ಫೋನನ್ನು ಒಲೆಯ ಪಕ್ಕಕ್ಕೆ ಒರಗಿಸಿ, ಅಮ್ಮನಿಗೆ ಕಾಣುವಂತೆ ಹಿಟ್ಟನ್ನು ಸೌಟಿನಲ್ಲಿ ಎತ್ತಿ ಸುಮ್ಮನೆ ಸುರಿದು ತೋರಿಸಿದರು. ಅಮ್ಮ ತಲೆ ಅಡ್ಡ ಆಡಿಸಿದರಂತೆ. ಆಮೇಲೆ ತಮ್ಮ ಬಲಗೈಯನ್ನು ಗಾಳಿಯಲ್ಲಿ ಎತ್ತಿ, ಸೌಟಿನ ಬೆನ್ನಿನಿಂದ ಹಚ್ಚಿದಂತೆ ನಿಧಾನವಾಗಿ ಮೂರು ಸುತ್ತು ಸುತ್ತಿದರಂತೆ.

ಅಂದರೆ ಇದು ಹೊಯ್ಯುವ ಹಿಟ್ಟಲ್ಲ, ಹಚ್ಚುವ ಹಿಟ್ಟು. ಹಣ್ಣಿನಲ್ಲೇ ಬೇಕಾದಷ್ಟು ರಸ, ಸಿಹ ಇರುವಾಗ ತೆಳ್ಳಗೆ ಹೊಯ್ದರೆ ಅದು ಕಾವಲಿಯ ಮೇಲೆ ಪಾಕವಾಗಿ ಅಂಟಿಕೊಳ್ಳದೆ ಇನ್ನೇನು ಮಾಡೀತು? ಅವತ್ತು ಗೆಳತಿ ಒಂದು ತೊಟ್ಟು ನೀರೂ ಹಾಕದೆ ಮತ್ತೆ ರುಬ್ಬಿದರು. ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಟ್ಟ ಅವರ ಲೆಕ್ಕ ಹೀಗಿದೆ: ಸೋನಾ ಮಸೂರಿ ೩೦೦ ಗ್ರಾಂ, ಬೀಜ ತೆಗೆದ ಹಣ್ಣಿನ ಸೊಳೆ ೩೫೦ ಗ್ರಾಂ, ತೆಂಗಿನತುರಿ ಅರ್ಧ ಕಪ್, ಕರಿಮೆಣಸು ಆರು ಕಾಳು, ಏಲಕ್ಕಿ ಎರಡು, ಉಪ್ಪು ಕಾಲು ಚಮಚ. ಹಣ್ಣು ಸಪ್ಪೆಯಾಗಿದ್ದರೆ ಮಾತ್ರ ಬೆಲ್ಲ. ಅಕ್ಕಿಯನ್ನು ಐದು ಗಂಟೆ ನೆನೆಸಿ, ನೀರು ಪೂರ್ತಿ ಬಸಿದು, ಹಣ್ಣಿನ ಜೊತೆಗೇ ರುಬ್ಬುವುದು. ಸಣ್ಣ ಉರಿ, ದಪ್ಪ ದೋಸೆ, ಮುಚ್ಚಳ ಮುಚ್ಚಿ ಎರಡು ನಿಮಿಷ, ಮಗುಚಿ ಒಂದು ನಿಮಿಷ.

ಎದ್ದ ದೋಸೆಯನ್ನು ಬಾಳೆಲೆಯ ಚೂರಿನ ಮೇಲೆ ಹಾಕಿ ಫೋನಿನ ಮುಂದೆ ಹಿಡಿದರು. ಅಮ್ಮ ಬಹಳ ಹೊತ್ತು ನೋಡಿ, "ತುಪ್ಪ ಹಾಕಿದ್ದೀಯಾ?" ಅಂತ ಕೇಳಿದರಂತೆ.